ಪ್ರಶ್ನಿಸದ ಸೇವಕ

ಆಜ್ಞೆ ಮಾಡುವುದು ಸುಲಭ, ಅದನ್ನು ನಡೆಸುವುದು ಕಷ್ಟ ಎಂಬುದು ಲೋಕದ ನಂಬಿಕೆ. ಆದರೆ ಆಡಿದ ಮಾತನ್ನು ಅಕ್ಷರ ತಪ್ಪದೆ, ಮರುಪ್ರಶ್ನೆ ಹಾಕದೆ ನಡೆಸಿಬಿಡುವ ಸೇವಕನೊಬ್ಬನು ದೊರೆತಾಗ, ಆಜ್ಞೆ ಮಾಡುವವನ ಹೊಣೆ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ. ಗಣಕಯಂತ್ರವು ಅಂತಹ ಸೇವಕ.

ಇಂದು ಗಣಕಯಂತ್ರವನ್ನು ಬಳಸುವವರು ಹೆಚ್ಚಾಗಿ ತೆರೆಯ ಮೇಲಿನ ಚಿತ್ರಗಳನ್ನು ಮೌಸಿನಿಂದಲೋ ಬೆರಳಿನಿಂದಲೋ ಒತ್ತಿ ಕೆಲಸ ಸಾಗಿಸುತ್ತಾರೆ. ಇದಕ್ಕಿಂತ ಹಳೆಯದಾದ ಇನ್ನೊಂದು ಮಾರ್ಗವುಂಟು. ತೆರೆಯ ಮೇಲೆ ಚಿಕ್ಕ ಚಿಹ್ನೆಯೊಂದು ನಮಗಾಗಿ ಕಾದಿರುತ್ತದೆ. ಅದರ ಮುಂದೆ ಆಜ್ಞೆಯನ್ನು ಬೆರಳಚ್ಚಿಸಿ ಎಂಟರ್ ಕೀಲಿಯನ್ನು ಒತ್ತಬೇಕು. ಇದೇ ಕಮಾಂಡ್ ಲೈನ್, ಅಂದರೆ ಆಜ್ಞೆಯ ಸಾಲು. ಯಂತ್ರದ ಸಕಲ ಕಾರ್ಯಗಳನ್ನೂ ನಿರ್ವಹಿಸುವ ವ್ಯವಸ್ಥೆಗೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ನಮ್ಮ ಆಜ್ಞೆಯನ್ನು ಓದಿ ಅದಕ್ಕೆ ಮುಟ್ಟಿಸುವ ದುಭಾಷಿಯೇ ಶೆಲ್.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಅವರ ಸಂಗಡಿಗರು ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟತೊಡಗಿದರು. ಆ ಕಾಲದಲ್ಲಿ ಆಜ್ಞೆ ನೀಡಲು ಬಳಸುತ್ತಿದ್ದ ಟೆಲಿಟೈಪ್ ಯಂತ್ರವು ಸೆಕೆಂಡಿಗೆ 10 ಅಕ್ಷರಗಳನ್ನು ಮಾತ್ರ ಕಾಗದದ ಮೇಲೆ ಅಚ್ಚಿಸುತ್ತಿತ್ತು. ಅಲ್ಲಿ ಒಂದೊಂದು ಅಕ್ಷರಕ್ಕೂ ಬೆಲೆಯಿತ್ತು. ಯುನಿಕ್ಸಿನ ಆಜ್ಞೆಗಳು ಎರಡು ಮೂರು ಅಕ್ಷರಗಳಿಗೆ ಇಳಿದುದು ಆ ಕಾಲಕ್ಕೆ ಒಪ್ಪುವಂತಿತ್ತು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಯುನಿಕ್ಸಿನ ಮಾದರಿಯಲ್ಲಿ ಲಿನಕ್ಸನ್ನು ಆರಂಭಿಸಿದನು. ಆ ಕಿರಿದಾದ ಆಜ್ಞೆಗಳು ಅದರಲ್ಲಿಯೂ ಉಳಿದು ಬಂದಿವೆ.

ಗಣಕಯಂತ್ರದ ಸಂಗ್ರಹವನ್ನು ಅನೇಕ ಕೋಣೆಗಳುಳ್ಳ ಮನೆಯೆಂದು ಭಾವಿಸೋಣ. ಕೋಣೆಯನ್ನು ಡೈರೆಕ್ಟರಿ ಎನ್ನುತ್ತಾರೆ. ಅದರೊಳಗಿನ ಬರಹಗಳೇ ಕಡತಗಳು. 'ನಾನು ಈಗ ಯಾವ ಕೋಣೆಯಲ್ಲಿದ್ದೇನೆ?' ಎಂದು ಕೇಳಲು ಪಿಡಬ್ಲ್ಯುಡಿ ಎಂಬ ಮೂರು ಅಕ್ಷರಗಳನ್ನು ಒತ್ತಬೇಕು. ನಮ್ಮಲ್ಲಿ ಅದು ಲೋಕೋಪಯೋಗಿ ಇಲಾಖೆಯ ಹೆಸರಾದರೂ ಇಲ್ಲಿ ನಾವಿರುವ ಸ್ಥಳವನ್ನು ತಿಳಿಸುತ್ತದೆ. ಕೋಣೆಯಲ್ಲಿ ಏನೇನಿದೆ ಎಂಬ ಪಟ್ಟಿಯನ್ನು ಎಲ್‌ಎಸ್ ಕೊಡುತ್ತದೆ. ಬೇರೆ ಕೋಣೆಗೆ ಹೋಗಲು ಸಿಡಿ ಎಂದು ಬರೆದು, ಸ್ಥಳ ಬಿಟ್ಟು, ಕೋಣೆಯ ಹೆಸರನ್ನು ಬರೆಯಬೇಕು. ನಕಲು ಮಾಡಲು ಸಿಪಿ, ಸ್ಥಳಾಂತರಿಸಲು ಎಂವಿ, ಅಳಿಸಲು ಆರ್‌ಎಂ. ಕೆಲಸ ನೆರವೇರಿದರೆ ಈ ಕೊನೆಯ ನಾಲ್ಕು ಆಜ್ಞೆಗಳು ಸಾಮಾನ್ಯವಾಗಿ ಏನನ್ನೂ ಹೇಳುವುದಿಲ್ಲ. ತಪ್ಪಿದರೆ ಮಾತ್ರ ಒಂದು ಸಾಲಿನಲ್ಲಿ ತಿಳಿಸುತ್ತವೆ. ಮೌನವೇ ಇಲ್ಲಿ ಒಪ್ಪಿಗೆ.

ಈ ಮಿತಭಾಷೆಯ ಬೆಲೆಯನ್ನು ನಾನು ತಡವಾಗಿ ಕಲಿತೆನು. ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ಮೇಲೆ, ನಮ್ಮೂರಿನ ಹಿರಿಯರಿಂದ ಬೇಸಾಯದ ಮಾತುಗಳನ್ನು ಕೇಳಿ, ದಿನಕ್ಕೊಂದು ಕಡತದಂತೆ ಗಣಕಯಂತ್ರದಲ್ಲಿ ತುಂಬುತ್ತಿದ್ದೆನು. ಕೂರಿಗೆಯ ಭಾಗಗಳ ಹೆಸರು, ಹಗೇವಿನಲ್ಲಿ ರಾಗಿಯನ್ನು ಕಾಯುವ ಬಗೆ, ಮಳೆಯ ಲಕ್ಷಣ, ಇಂತಹವು. ಅದೇ ಡೈರೆಕ್ಟರಿಯೊಳಗೆ 'ಹಳೆ' ಎಂಬ ಇನ್ನೊಂದನ್ನು ಮಾಡಿ, ಮೊದಲ ಕೆಲವು ತಿಂಗಳ ಕಡತಗಳ ನಕಲನ್ನು ಇರಿಸಿದ್ದೆನು. ಒಂದು ಸಂಜೆ ಆ ನಕಲುಗಳು ಇನ್ನು ಬೇಡವೆನಿಸಿತು. 'ಹಳೆ'ಯೊಳಗೆ ಹೋಗಲು ಆಜ್ಞೆ ಕೊಟ್ಟೆನು. ಹೆಸರನ್ನು ರೋಮನ್ ಲಿಪಿಯ ಸಣ್ಣಕ್ಷರಗಳಲ್ಲಿ ಇಟ್ಟಿದ್ದೆನು. ಆದರೆ ಅಂದು ಮೊದಲ ಅಕ್ಷರವನ್ನು ದೊಡ್ಡದಾಗಿ ಒತ್ತಿದೆನು. ಲಿನಕ್ಸಿಗೆ ಅವೆರಡೂ ಬೇರೆ ಬೇರೆ ಹೆಸರುಗಳು. 'ಅಂತಹ ಡೈರೆಕ್ಟರಿ ಇಲ್ಲ' ಎಂದು ಯಂತ್ರವು ಒಂದು ಸಾಲಿನಲ್ಲಿ ತಿಳಿಸಿತು. ನಾನು ಅದನ್ನು ಓದಲಿಲ್ಲ. ಆರ್‌ಎಂ ಎಂದು ಬರೆದು, ಮುಂದೆ ನಕ್ಷತ್ರದ ಗುರುತನ್ನು ಇಟ್ಟು ಎಂಟರ್ ಒತ್ತಿದೆನು. ನಕ್ಷತ್ರದ ಅರ್ಥ 'ಇಲ್ಲಿರುವುದೆಲ್ಲವೂ' ಎಂದು.

ಒಳಕೋಣೆಗೆ ಹೋದೆನೆಂದು ತಿಳಿದಿದ್ದ ನಾನು ಹೊರಕೋಣೆಯಲ್ಲಿಯೇ ನಿಂತಿದ್ದೆನು. ಮೂಲ ಕಡತಗಳೆಲ್ಲವೂ ಕ್ಷಣಾರ್ಧದಲ್ಲಿ ಅಳಿದುಹೋದವು. ಡೈರೆಕ್ಟರಿಯನ್ನು ಬರಿಯ ಆರ್‌ಎಂ ಅಳಿಸದಾದುದರಿಂದ 'ಹಳೆ' ಮಾತ್ರ ಉಳಿಯಿತು. ಬಿಸಾಡಬೇಕೆಂದಿದ್ದ ನಕಲೇ ನನಗೆ ಆಸರೆಯಾಯಿತು. ಆದರೆ ನಂತರದ ತಿಂಗಳುಗಳ ಬರಹ ಅದರಲ್ಲಿರಲಿಲ್ಲ. ಉಳಿದವರ ಮನೆಗಳಿಗೆ ಮತ್ತೆ ಹೋಗಿ ಕೇಳಿ ಬರೆದುಕೊಂಡೆನು. ಹಗೇವಿನ ವಿಷಯ ಹೇಳಿದ್ದ ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಮಾತು ಮರಳಿ ದೊರೆಯಲಿಲ್ಲ.

ತಪ್ಪು ಯಂತ್ರದ್ದಲ್ಲ. ಅದು ಎಚ್ಚರಿಸಿತ್ತು, ಕೇಳಿಸಿಕೊಳ್ಳದವನು ನಾನು. ಅಂದಿನಿಂದ ಒಂದು ಕ್ರಮವನ್ನು ಪಾಲಿಸುತ್ತಿದ್ದೇನೆ. ಅಳಿಸುವ ಮೊದಲು ಪಿಡಬ್ಲ್ಯುಡಿಯಿಂದ ಎಲ್ಲಿದ್ದೇನೆಂದು ತಿಳಿಯುತ್ತೇನೆ; ಎಲ್‌ಎಸ್‌ನಿಂದ ಏನಿದೆಯೆಂದು ನೋಡುತ್ತೇನೆ; ಆರ್‌ಎಂ ಮುಂದೆ ಅಡ್ಡಗೆರೆಯನ್ನೂ ಸಣ್ಣ ಐ ಅಕ್ಷರವನ್ನೂ ಸೇರಿಸುತ್ತೇನೆ. ಹಾಗೆ ಮಾಡಿದರೆ ಪ್ರಶ್ನಿಸದ ಸೇವಕನೂ ಪ್ರತಿ ಕಡತಕ್ಕೂ 'ಅಳಿಸಲೇ?' ಎಂದು ಕೇಳುತ್ತಾನೆ. ಮುಖ್ಯವಾದ ಬರಹದ ನಕಲನ್ನು ಬೇರೆ ಕಡೆಯಲ್ಲಿಯೂ ಇಡುತ್ತೇನೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮನುಷ್ಯರೊಡನೆ ಆಡಿದ ದುಡುಕಿನ ಮಾತಿಗೆ ಕ್ಷಮೆಯಾದರೂ ಉಂಟು. ಯಂತ್ರಕ್ಕೆ ಕೋಪವೂ ಇಲ್ಲ, ಕರುಣೆಯೂ ಇಲ್ಲ; ಅದಕ್ಕೆ ಇರುವುದು ನಮ್ಮ ಮಾತು ಮಾತ್ರ. ಆದುದರಿಂದ, ವಿದ್ಯಾರ್ಥಿಗಳೇ, ಎಂಟರ್ ಕೀಲಿಯ ಮೇಲೆ ಬೆರಳಿಡುವ ಮೊದಲು ನೀವು ಬರೆದ ಸಾಲನ್ನು ಒಮ್ಮೆ ಓದಿರಿ. ಒತ್ತಿದ ಮೇಲೆ ಯಂತ್ರವು ಬರೆದ ಸಾಲನ್ನೂ ಓದಿರಿ.

ಅಭ್ಯಾಸ
1. ಯುನಿಕ್ಸ್ ಹುಟ್ಟಿದ ಕಾಲಕ್ಕೆ ಕಿರಿದಾದ ಆಜ್ಞೆಗಳು ಏಕೆ ಒಪ್ಪುವಂತಿದ್ದವು?
2. 'ಮೌನವೇ ಇಲ್ಲಿ ಒಪ್ಪಿಗೆ' ಎಂಬ ಮಾತನ್ನು ವಿವರಿಸಿರಿ.
3. 'ಹಳೆ' ಡೈರೆಕ್ಟರಿ ಉಳಿದುದು ಹೇಗೆ? ಲೇಖಕರಿಗೆ ಮರಳಿ ದೊರೆಯದೆ ಹೋದುದು ಯಾವುದು?