ಬೆಳಗಿನ ತಿಂಡಿಗೆ ಚಾಕೊಲೇಟ್ ಓಟ್ಸ್ ಬಾರ್

ಹೆಸರಿನಲ್ಲಿ ಚಾಕೊಲೇಟ್ ಇದೆಯೆಂದು ಇದನ್ನು ಕೇಕಿನ ಸಾಲಿಗೆ ಸೇರಿಸಬೇಡಿ. ಮೈದಾ ಇಲ್ಲ, ಕ್ರೀಮ್ ಇಲ್ಲ, ಓವನ್‌ನಲ್ಲಿ ಉಬ್ಬಿ ನಿಲ್ಲುವುದೂ ಇಲ್ಲ. ಸಿಹಿ ಕೂಡ ಹದವಾಗಿಯೇ ಇರುತ್ತದೆ. ಭಾನುವಾರ ಸಂಜೆ ಒಂದು ಟ್ರೇ ಬೇಯಿಸಿಟ್ಟುಕೊಂಡರೆ ವಾರದ ಮೊದಲ ಮೂರ್ನಾಲ್ಕು ದಿನ ಬೆಳಗಿನ ಗಡಿಬಿಡಿಯಲ್ಲಿ ಒಲೆ ಹಚ್ಚುವ ಕೆಲಸ ತಪ್ಪುತ್ತದೆ.

ಓವನ್ ಮುಟ್ಟಿ ಅಭ್ಯಾಸವಿಲ್ಲದವರೂ ಇದನ್ನು ಮಾಡಬಹುದು. ಕೈಚಳಕಕ್ಕಿಂತ ತಾಳ್ಮೆ ಹೆಚ್ಚು ಬೇಕು. ಕಾಯಬೇಕಾದ್ದು ಎರಡು ಕಡೆ: ಹಿಟ್ಟು ಕಲಸಿದ ಮೇಲೆ ಒಮ್ಮೆ, ಟ್ರೇ ಹೊರಗೆ ತೆಗೆದ ಮೇಲೆ ಒಮ್ಮೆ. ಹೊಸಬರ ಬಾರ್ ಪುಡಿಪುಡಿಯಾಗುವುದು ಬಹುಪಾಲು ಇವೆರಡರಲ್ಲಿ ಒಂದನ್ನು ಹಾರಿಸಿದಾಗಲೇ.

ಬೇಕಾದ ಸಾಮಾನು (9 ತುಂಡುಗಳಿಗೆ)

ರೋಲ್ಡ್ ಓಟ್ಸ್ – 200 ಗ್ರಾಂ (ಸುಮಾರು 2 ಕಪ್)
ಚೆನ್ನಾಗಿ ಕಳಿತ ಪಚ್ಚಬಾಳೆ – 3, ಅಥವಾ ಏಲಕ್ಕಿ ಬಾಳೆ – 6
ಸಿಹಿ ಇಲ್ಲದ ಕೋಕೋ ಪುಡಿ – 25 ಗ್ರಾಂ (ಸುಮಾರು 4 ದೊಡ್ಡ ಚಮಚ)
ಬೆಲ್ಲದ ಪುಡಿ – 60 ಗ್ರಾಂ
ಮೊಸರು – ಅರ್ಧ ಕಪ್
ಹಾಲು – ಕಾಲು ಕಪ್
ಎಣ್ಣೆ ಅಥವಾ ಕರಗಿಸಿದ ತುಪ್ಪ – 3 ದೊಡ್ಡ ಚಮಚ
ಅಗಸೆ ಬೀಜದ ಪುಡಿ – 1 ದೊಡ್ಡ ಚಮಚ, ನೆನೆಸಲು 3 ದೊಡ್ಡ ಚಮಚ ನೀರು
ಬೇಕಿಂಗ್ ಪೌಡರ್ – 1 ಚಿಕ್ಕ ಚಮಚ
ಅಡುಗೆ ಸೋಡಾ – ಕಾಲು ಚಿಕ್ಕ ಚಮಚ
ಉಪ್ಪು – ಕಾಲು ಚಿಕ್ಕ ಚಮಚ
ಗಟ್ಟಿ ಕಾಫಿ ಡಿಕಾಕ್ಷನ್ – 2 ಚಿಕ್ಕ ಚಮಚ
ಡಾರ್ಕ್ ಚಾಕೊಲೇಟ್ – 50 ಗ್ರಾಂ, ಅಕ್ರೋಟ್ ಅಥವಾ ಬಾದಾಮಿ – ಒಂದು ಹಿಡಿ

ಅಂಗಡಿಯಲ್ಲಿ ನೋಡಬೇಕಾದ್ದು

ರುಚಿ ಅರ್ಧಕ್ಕರ್ಧ ಇಲ್ಲೇ ತೀರ್ಮಾನವಾಗುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಓಟ್ಸ್ ಕಪಾಟಿನಲ್ಲಿ ಮೂರು ಬಗೆ ಇರುತ್ತವೆ. ದಪ್ಪ ಅವಲಕ್ಕಿಯಂತೆ ಚಪ್ಪಟೆಯಾಗಿರುವ ರೋಲ್ಡ್ ಓಟ್ಸ್ ನಮಗೆ ಬೇಕಾದ್ದು. ಅದು ಸಿಗದಿದ್ದರೆ ಸಾದಾ ಇನ್‌ಸ್ಟಂಟ್ ಓಟ್ಸ್ ಆದೀತು, ತುಂಡು ಕೊಂಚ ಮೆತ್ತಗಾಗುತ್ತದೆ ಅಷ್ಟೇ. ನುಚ್ಚಿನಂತಿರುವ ಸ್ಟೀಲ್ ಕಟ್ ಓಟ್ಸ್ ಈ ಹೊತ್ತಿನಲ್ಲಿ ಬೇಯುವುದಿಲ್ಲ. ಮಸಾಲಾ ಓಟ್ಸ್ ಪೊಟ್ಟಣದ ಕಡೆ ಕೈ ಹೋಗದಿರಲಿ.

ಕೋಕೋ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಹಾಲಿಗೆ ಕಲಸಿ ಕುಡಿಯುವ ಚಾಕೊಲೇಟ್ ಪುಡಿಯಲ್ಲಿ ಹೆಚ್ಚಾಗಿ ಇರುವುದು ಸಕ್ಕರೆ. ಹಿಂಬದಿಯ ಪಟ್ಟಿಯಲ್ಲಿ ಮೊದಲ ಹೆಸರು ಸಕ್ಕರೆಯದ್ದಾದರೆ ಅದು ನಮಗೆ ಬೇಡ. ಅಪ್ಪಟ ಕೋಕೋ ಪುಡಿಯಲ್ಲೂ ಎರಡು ಜಾತಿ. ಒಂದು ಸಹಜ ಹುಳಿಯದು, ತಿಳಿ ಕಂದು ಬಣ್ಣದ್ದು. ಇನ್ನೊಂದನ್ನು ಕ್ಷಾರ ಬೆರೆಸಿ ಹದ ಮಾಡಿರುತ್ತಾರೆ. 19ನೇ ಶತಮಾನದಲ್ಲಿ ಡಚ್ಚರ ವಾನ್ ಹೌಟನ್ ಕಂಡುಹಿಡಿದ ದಾರಿಯದು. ಬಣ್ಣ ಗಾಢ, ಕಹಿ ಕಡಿಮೆ. ಲೇಬಲ್ಲಿನಲ್ಲಿ 500 ಅಥವಾ 501 ಎಂಬ ಆಮ್ಲ ನಿಯಂತ್ರಕದ ಸಂಖ್ಯೆ ಕಂಡರೆ ಅದು ಈ ಎರಡನೆಯದು. ಅಡುಗೆ ಸೋಡಾ ಕೆಲಸ ಮಾಡಲು ಹುಳಿ ಬೇಕು, ನಮ್ಮ ಹಿಟ್ಟಿನಲ್ಲಿ ಅದನ್ನು ಮೊಸರು ಕೊಡುತ್ತದೆ. ಹಾಗಾಗಿ ಯಾವ ಕೋಕೋ ಆದರೂ ನಡೆಯುತ್ತದೆ.

ಇನ್ನು ಚಾಕೊಲೇಟ್. ಬೇಕಿಂಗ್ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಡಾರ್ಕ್ ಕಾಂಪೌಂಡ್ ಇಟ್ಟಿಗೆಗಳಲ್ಲಿ ಕೋಕೋ ಬೆಣ್ಣೆಯ ಜಾಗದಲ್ಲಿ ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ. ಬಾಯಲ್ಲಿ ಕರಗದೆ ಮೇಣದಂತೆ ಉಳಿಯುವುದು ಅದಕ್ಕೇ. 50 ಗ್ರಾಂ ಸಾಕಾಗುವ ಜಾಗದಲ್ಲಿ ಜಿಪುಣತನ ಬೇಡ, ನಿಜವಾದ ಚಾಕೊಲೇಟ್ ಕೊಳ್ಳಿ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೋಕೋ ಉಪಬೆಳೆ. ಅಡಿಕೆ ಬೆಳೆಗಾರರ ಸಹಕಾರಿ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಹೀಗಾಗಿ ಊರಿನದೇ ಕೋಕೋ ಹುಡುಕುವವರಿಗೆ ದಾರಿ ಇದೆ.

ಬಾಳೆಹಣ್ಣಿನ ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಿದ್ದಿರಬೇಕು. ಹಣ್ಣು ಕಳಿತಷ್ಟೂ ಅದರ ಪಿಷ್ಟ ಸಕ್ಕರೆಯಾಗುತ್ತದೆ, ಬೆಲ್ಲ ಕಡಿಮೆ ಸಾಕಾಗುತ್ತದೆ. ಎಣ್ಣೆಯಲ್ಲಿ ಸೂರ್ಯಕಾಂತಿ ಅಥವಾ ಕೊಬ್ಬರಿ ಎಣ್ಣೆ ಒಳ್ಳೆಯದು. ಗಾಣದ ಶೇಂಗಾ ಎಣ್ಣೆಯ ಘಮ ಕೋಕೋವನ್ನು ಮುಚ್ಚಿಹಾಕುತ್ತದೆ.

ಹಂತ 1: ಒಣ ಸಾಮಾನು

ಓಟ್ಸ್‌ನಲ್ಲಿ ಅರ್ಧವನ್ನು ಮಿಕ್ಸಿಯಲ್ಲಿ ತರಿತರಿಯಾಗಿ, ಚಿರೋಟಿ ರವೆಯ ಹದಕ್ಕೆ ಪುಡಿ ಮಾಡಿ. ಉಳಿದರ್ಧ ಹಾಗೇ ಇರಲಿ. ಪುಡಿಯಾದದ್ದು ಅಂಟಿಗೆ, ಇಡಿಯದ್ದು ಅಗಿಯುವ ಸುಖಕ್ಕೆ. ಕೋಕೋ ಗಂಟುಕಟ್ಟುವ ಸಾಮಾನು, ಅದನ್ನು ಉಪ್ಪಿನೊಂದಿಗೆ ಜರಡಿ ಹಿಡಿದು ಓಟ್ಸ್‌ಗೆ ಸೇರಿಸಿ. ಬೇಕಿಂಗ್ ಪೌಡರ್, ಸೋಡಾ ಈಗಲೇ ಹಾಕಬೇಡಿ.

ಹಂತ 2: ಹಸಿ ಸಾಮಾನು

ಅಗಸೆ ಪುಡಿಯನ್ನು ನೀರಿನಲ್ಲಿ ಹತ್ತು ನಿಮಿಷ ನೆನೆಸಿಡಿ, ಲೋಳೆಯಾಗುತ್ತದೆ. ಓಟ್ಸ್‌ನಲ್ಲಿ ಗೋಧಿಯ ಜಿಗುಟು ಇಲ್ಲದ್ದರಿಂದ ತುಂಡನ್ನು ಹಿಡಿದಿಡುವ ಹೊಣೆ ಈ ಲೋಳೆಯದ್ದು. ಉತ್ತರ ಕರ್ನಾಟಕದ ಮನೆಗಳಲ್ಲಿ ಅಗಸಿ ಚಟ್ನಿಗೆಂದು ತಂದಿಟ್ಟ ಬೀಜವಿದ್ದರೆ ಅದನ್ನೇ ಹುರಿಯದೆ ಪುಡಿ ಮಾಡಿಕೊಳ್ಳಿ. ಮೊಟ್ಟೆ ತಿನ್ನುವವರು ಅಗಸೆಯ ಬದಲು ಒಂದು ಮೊಟ್ಟೆ ಹಾಕಬಹುದು.

ಬಾಳೆಹಣ್ಣನ್ನು ಅಗಲ ಪಾತ್ರೆಯಲ್ಲಿ ಕಿವುಚಿ. ಬೆಲ್ಲ, ಮೊಸರು, ಹಾಲು, ಎಣ್ಣೆ, ಡಿಕಾಕ್ಷನ್, ಅಗಸೆ ಲೋಳೆ ಎಲ್ಲವನ್ನೂ ಸೇರಿಸಿ ಕಲಕಿ. ಬೆಲ್ಲಕ್ಕೆ ಹಾಲು ಒಡೆಯುತ್ತದೆಂಬ ಭಯ ಇಲ್ಲಿ ಬೇಡ, ಮೊಸರು ಹೇಗೂ ಇದೆ. ಎರಡು ಚಮಚ ಡಿಕಾಕ್ಷನ್‌ಗೆ ಕಾಫಿಯ ರುಚಿ ಬರುವುದಿಲ್ಲ, ಚಾಕೊಲೇಟಿನ ರುಚಿ ಗಾಢವಾಗುತ್ತದೆ. ಕಾಫಿ ಬೇಡವೆಂದರೆ ಬಿಡಿ, ಚಿಟಿಕೆ ದಾಲ್ಚಿನ್ನಿ ಹಾಕಿ.

ಹಂತ 3: ಮೊದಲ ಕಾಯುವಿಕೆ

ಹಸಿ, ಒಣ ಎರಡನ್ನೂ ಬೆರೆಸಿ ಹದಿನೈದು ನಿಮಿಷ ಮುಚ್ಚಿಡಿ. ಓಟ್ಸ್ ನೀರು ಕುಡಿದು ಮೆತ್ತಗಾಗಲು ಈ ಹೊತ್ತು ಬೇಕು. ಇಲ್ಲವಾದರೆ ಅದು ಓವನ್‌ನ ಒಳಗೆ ಕುಡಿಯಲು ಶುರುಮಾಡುತ್ತದೆ, ಬಾರ್ ಒಣಗಿ ಒಡೆಯುತ್ತದೆ. ಮುಚ್ಚಳ ತೆಗೆದಾಗ ಹಿಟ್ಟು ಇಡ್ಲಿ ಹಿಟ್ಟಿಗಿಂತ ಗಟ್ಟಿ, ಆದರೆ ಸೌಟಿನಿಂದ ಜಾರುವಂತಿರಬೇಕು. ಮುದ್ದೆಯಾಗಿದ್ದರೆ ಎರಡು ಚಮಚ ಹಾಲು ಸೇರಿಸಿ.

ಹಂತ 4: ಓವನ್ ಕಾಯಿಸುವುದು

ಹಿಟ್ಟು ನೆನೆಯುತ್ತಿರುವಾಗಲೇ ಓಟಿಜಿಯನ್ನು (ಮನೆಬಳಕೆಯ ವಿದ್ಯುತ್ ಓವನ್) 180 ಡಿಗ್ರಿಗೆ ಇಟ್ಟು, ಮೇಲಿನ ಮತ್ತು ಕೆಳಗಿನ ಎರಡೂ ರಾಡ್ ಹಚ್ಚಿ ಹತ್ತು ನಿಮಿಷ ಕಾಯಿಸಿ. ಮೈಕ್ರೋವೇವ್ ಆದರೆ ಕನ್ವೆಕ್ಷನ್ ಇರುವುದು ಬೇಕು, ಸೋಲೋ ಮಾದರಿಯಲ್ಲಿ ಬೇಕಿಂಗ್ ಆಗುವುದಿಲ್ಲ.

ಎರಡೂ ಇಲ್ಲದವರು ದಪ್ಪ ತಳದ ದೊಡ್ಡ ಪಾತ್ರೆ ತೆಗೆದುಕೊಂಡು, ತಳಕ್ಕೆ ಒಂದು ಕಪ್ ಕಲ್ಲುಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕಾಯಿಸಬಹುದು. ಅದಕ್ಕೆ ಅರ್ಧ ಅಳತೆಯ ಹಿಟ್ಟು, ಚಿಕ್ಕ ಟಿನ್ ಸಾಕು. ಕುಕ್ಕರನ್ನೇ ಹೀಗೆ ಬಳಸುವವರಿದ್ದಾರೆ. ನೀರಿಲ್ಲದೆ ಕಾಯಿಸಿದರೆ ಕುಕ್ಕರ್ ಹಾಳಾಗುತ್ತದೆ, ಹಾಗಾಗಿ ಹಾಗೆ ಮಾಡಿ ಎಂದು ನಾನು ಹೇಳುವುದಿಲ್ಲ.

ಹಂತ 5: ಟ್ರೇಗೆ

ಎಂಟು ಇಂಚಿನ ಚೌಕ ಟ್ರೇಗೆ ಬಟರ್ ಪೇಪರ್ ಹಾಸಿ, ಎರಡು ಬದಿ ಹೊರಗೆ ಚಾಚಿರಲಿ. ಆಮೇಲೆ ಹಿಡಿದೆತ್ತಲು ಅನುಕೂಲ. ಈಗ ಬೇಕಿಂಗ್ ಪೌಡರ್, ಸೋಡಾ ಹಿಟ್ಟಿನ ಮೇಲೆ ಉದುರಿಸಿ ಚೆನ್ನಾಗಿ ಕಲಸಿ. ಸೋಡಾ ಮೊಸರನ್ನು ಮುಟ್ಟಿದ ಕ್ಷಣದಿಂದ ಗಾಳಿಗುಳ್ಳೆ ಏಳತೊಡಗುತ್ತವೆ, ಇನ್ನು ತಡಮಾಡುವಂತಿಲ್ಲ. ಚಾಕೊಲೇಟ್ ತುಂಡು, ಅಕ್ರೋಟ್ ಚೂರುಗಳಲ್ಲಿ ಮುಕ್ಕಾಲನ್ನು ಒಳಗೆ ಸೇರಿಸಿ, ಹಿಟ್ಟನ್ನು ಟ್ರೇಗೆ ಸುರಿದು ಸಮ ಮಾಡಿ, ಉಳಿದದ್ದನ್ನು ಮೇಲೆ ಹರಡಿ.

ಹಂತ 6: ಬೇಯಿಸುವುದು

ಮಧ್ಯದ ಅಟ್ಟದಲ್ಲಿ 30ರಿಂದ 35 ನಿಮಿಷ. ಒಲೆಯ ಮೇಲಿನ ಪಾತ್ರೆಯಲ್ಲಾದರೆ ಸುಮಾರು 40 ನಿಮಿಷ. ಬಿಳಿ ಕೇಕಿನಂತೆ ಕೆಂಪಗಾಯಿತೇ ಎಂದು ನೋಡಿ ತಿಳಿಯುವ ಭಾಗ್ಯ ಇಲ್ಲಿಲ್ಲ, ಹಿಟ್ಟು ಮೊದಲೇ ಕಪ್ಪು. ಅಂಚು ಟ್ರೇಯಿಂದ ಬಿಟ್ಟಿರಬೇಕು, ನಡುವೆ ಬೆರಳಿನಿಂದ ಒತ್ತಿದರೆ ಕುಣಿ ಬೀಳದೆ ಮೇಲೇಳಬೇಕು. ಕಡ್ಡಿ ಚುಚ್ಚಿ ನೋಡುವವರು ಎರಡು ಕಡೆ ಚುಚ್ಚಿ. ಒಂದು ಕಡೆ ಕರಗಿದ ಚಾಕೊಲೇಟ್ ಸಿಕ್ಕಿ ಕಡ್ಡಿ ಒದ್ದೆಯಾದರೆ ಹಿಟ್ಟೇ ಹಸಿ ಎಂದುಕೊಂಡು ಸೀಯಿಸಿಬಿಡುವ ಅಪಾಯವಿದೆ. ಚಿಕ್ಕ ಓಟಿಜಿಗಳಲ್ಲಿ ಮೇಲಿನ ರಾಡ್ ಹತ್ತಿರವಿರುವುದರಿಂದ ಕೊನೆಯ ಹತ್ತು ನಿಮಿಷ ಮೇಲೆ ಫಾಯಿಲ್ ಮುಚ್ಚಿ. ಸೀದ ಕೋಕೋದ ಕಹಿಗೆ ಯಾವ ಮದ್ದೂ ಇಲ್ಲ.

ಹಂತ 7: ಎರಡನೆಯ ಕಾಯುವಿಕೆ

ಇದೇ ಕಷ್ಟದ್ದು, ಮನೆ ತುಂಬ ಚಾಕೊಲೇಟ್ ಘಮ ಹಬ್ಬಿರುತ್ತದೆ. ಆದರೂ ಟ್ರೇಯಲ್ಲೇ ಇಪ್ಪತ್ತು ನಿಮಿಷ ಬಿಟ್ಟು, ಪೇಪರ್ ಹಿಡಿದೆತ್ತಿ, ಪೂರ್ತಿ ಆರಿದ ಮೇಲೆ ಕತ್ತರಿಸಿ. ಬಿಸಿಯಲ್ಲಿ ಒಳಗಿನ ಹಿಟ್ಟು ಇನ್ನೂ ಗಂಜಿಯಂತಿರುತ್ತದೆ, ಆರುತ್ತಾ ಬಿಗಿಯಾಗುತ್ತದೆ. ಮಕ್ಕಳು ತಡೆಯದಿದ್ದರೆ ಮೂಲೆಯದೊಂದು ತುಂಡು ಕೊಟ್ಟು ಕಳಿಸಿ.

ಎಷ್ಟು ತಿನ್ನಬಹುದು

ದೊಡ್ಡವರಿಗೆ ಎರಡು ತುಂಡು, ಮಕ್ಕಳಿಗೆ ಒಂದು, ಜೊತೆಗೊಂದು ಲೋಟ ಹಾಲು. ಓಟ್ಸ್‌ಗೆ ಹೆಸರು ತಂದಿರುವುದು ಬೀಟಾ ಗ್ಲೂಕನ್ ಎಂಬ ಕರಗುವ ನಾರು. ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕನ್ ಸಿಕ್ಕರೆ ಹೃದಯ ಕಾಯಿಲೆಯ ಅಪಾಯ ತಗ್ಗಲು ನೆರವಾಗಬಹುದೆಂದು ಪೊಟ್ಟಣದ ಮೇಲೆ ಹೇಳಿಕೊಳ್ಳಲು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲಿ ಒಪ್ಪಿತು. ನಮ್ಮ ಎರಡು ತುಂಡುಗಳಲ್ಲಿರುವ ಸುಮಾರು 45 ಗ್ರಾಂ ಓಟ್ಸ್‌ನಿಂದ ಅದರ ಅರ್ಧದಷ್ಟು ಸಿಗುತ್ತದೆ. ಹಾಗೆಂದು ಬೆಲ್ಲ ಹಾಕಿದ್ದೇನೆ, ಸಕ್ಕರೆ ಕಾಯಿಲೆಗೆ ತೊಂದರೆಯಿಲ್ಲ ಎನ್ನುವ ಲೆಕ್ಕ ತಪ್ಪು. ಬೆಲ್ಲವೂ ಬಾಳೆಹಣ್ಣೂ ಸಕ್ಕರೆಯೇ. ಅಂಥವರಿಗೆ ಬೆಲ್ಲ ಪೂರ್ತಿ ಬಿಟ್ಟು ಮಾಡಿ, ತುಂಡೂ ಒಂದೇ ಇರಲಿ.

ಇಟ್ಟುಕೊಳ್ಳುವುದು

ಹಣ್ಣು, ಮೊಸರು ಇರುವುದರಿಂದ ಬೆಂಗಳೂರಿನ ತಂಪಿನಲ್ಲೂ ಹೊರಗೆ ಒಂದೇ ದಿನ. ಮಳೆಗಾಲದ ಕರಾವಳಿಯಲ್ಲಿ ಆರಿದ ಕೂಡಲೇ ಫ್ರಿಜ್‌ಗೆ ಹೋಗಲಿ. ಅಲ್ಲಿ ಮುಚ್ಚಿದ ಡಬ್ಬಿಯಲ್ಲಿ ನಾಲ್ಕು ದಿನ ಚೆನ್ನಾಗಿರುತ್ತದೆ. ಒಂದೊಂದನ್ನೂ ಬಟರ್ ಪೇಪರಿನಲ್ಲಿ ಸುತ್ತಿ ಫ್ರೀಜರ್‌ನಲ್ಲಿಟ್ಟರೆ ತಿಂಗಳವರೆಗೂ ಆದೀತು, ಹಿಂದಿನ ರಾತ್ರಿ ಕೆಳಗಿಳಿಸಿದರೆ ಸಾಕು. ಬೆಚ್ಚಗೆ ಬೇಕಾದರೆ ಮೈಕ್ರೋವೇವ್‌ನಲ್ಲಿ ಇಪ್ಪತ್ತು ಸೆಕೆಂಡ್, ಅಥವಾ ಸಣ್ಣ ಉರಿಯ ಕಾವಲಿಯ ಮೇಲೆ ಮುಚ್ಚಿ ಎರಡು ನಿಮಿಷ. ಶಾಲೆಯ ಡಬ್ಬಿಗೆ ಹಾಕುವುದಾದರೆ ಬಿಸಿ ಮಾಡಬೇಡಿ, ಬೆವರಿ ಮೆತ್ತಗಾಗುತ್ತದೆ. ಫ್ರಿಜ್‌ನಿಂದ ತೆಗೆದು ಹಾಗೇ ಹಾಕಿ.