ಕ್ಯಾನ್ಸರ್ ಬಯಾಲಜಿಯಲ್ಲಿ ಪಿಎಚ್‌.ಡಿ.: ಸೇರುವ ಮುನ್ನ, ಸೇರಿದ ಮೇಲೆ

1. ಇದು ಡಾಕ್ಟರಿಕೆ ಅಲ್ಲ. ಎಂ.ಎಸ್ಸಿ. ಮುಗಿಸಿ ಇಲ್ಲಿಗೆ ಬಂದವರು ರೋಗಿಗೆ ಔಷಧ ಬರೆಯುವುದಿಲ್ಲ. ಜೀವಕೋಶ ಏಕೆ ದಾರಿ ತಪ್ಪಿತು ಎಂದು ಹುಡುಕುತ್ತಾರೆ. ಮನೆಯವರೊಬ್ಬರು ಕ್ಯಾನ್ಸರಿನಿಂದ ನರಳಿದ್ದನ್ನು ಕಂಡು ಈ ಕಡೆ ಬರುವವರಿದ್ದಾರೆ. ಆ ಕಿಚ್ಚು ಒಳ್ಳೆಯದೇ. ಆದರೆ ಐದಾರು ವರ್ಷ ದುಡಿಯಲು ಪ್ರಶ್ನೆಯೇ ತಲೆಗೆ ಹತ್ತಬೇಕು.

2. ಒಂದೇ ಪರೀಕ್ಷೆ ನೆಚ್ಚಿಕೊಂಡು ಕೂರಬೇಡಿ. ಸಿಎಸ್‌ಐಆರ್-ಯುಜಿಸಿ ನೆಟ್, ಗೇಟ್, ಡಿಬಿಟಿಯ ಬೆಟ್ ಎಲ್ಲವನ್ನೂ ಬರೆಯಿರಿ. ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಇದು 2023ರ ಪರಿಷ್ಕೃತ ದರ. ಹಣ ತಡವಾಗುವುದುಂಟು, ಕೈಯಲ್ಲಿ ಸ್ವಲ್ಪ ಕೂಡಿಟ್ಟಿರಿ.

3. ಸಂಸ್ಥೆಯ ಹೆಸರಿಗಿಂತ ಗೈಡ್ ಮುಖ್ಯ. ಸೇರುವ ಮೊದಲು ಅಲ್ಲಿನ ಸೀನಿಯರ್‌ಗಳನ್ನು ಕ್ಯಾಂಟೀನಿನಲ್ಲಿ ಮಾತಾಡಿಸಿ. ಇಲ್ಲಿ ಓದಿದವರು ಈಗ ಎಲ್ಲಿದ್ದಾರೆ? ಅರ್ಧಕ್ಕೆ ಬಿಟ್ಟವರೆಷ್ಟು ಜನ? ಎರಡನೇ ಪ್ರಶ್ನೆಗೆ ಬಾಯಿಗಿಂತ ಮುಖವೇ ಹೆಚ್ಚು ಹೇಳುತ್ತದೆ.

4. ರೋಗಿಗಳ ಅಂಗಾಂಶ ಬೇಕಾದ ವಿಷಯವಾದರೆ ಆಸ್ಪತ್ರೆಯ ನಂಟಿರುವ ಲ್ಯಾಬ್ ಹಿಡಿಯಿರಿ. ಮುಂಬೈನ ಟಾಟಾ ಮೆಮೋರಿಯಲ್‌ಗೆ ಸೇರಿದ, ಖಾರ್‌ಘರ್‌ನ ಆ್ಯಕ್ಟ್ರೆಕ್ ಸಂಶೋಧನಾ ಕೇಂದ್ರ ಅಂಥದ್ದು. ಬೆಂಗಳೂರಿನಲ್ಲಾದರೆ ಕಿದ್ವಾಯಿ ಆಸ್ಪತ್ರೆಯೊಂದಿಗೆ ಗೈಡ್‌ಗೆ ಒಡನಾಟ ಇದೆಯೇ ಕೇಳಿ. ಎಥಿಕ್ಸ್ ಸಮಿತಿಗೆ ಅರ್ಜಿ ಮೊದಲ ವರ್ಷವೇ ಹೋಗಲಿ.

5. ಹನಹಾನ್ ಮತ್ತು ವೈನ್‌ಬರ್ಗ್ 2000ರಲ್ಲಿ ಕ್ಯಾನ್ಸರಿನ ಲಕ್ಷಣಗಳ ಬಗ್ಗೆ ಬರೆದ ಲೇಖನವನ್ನೂ 2011ರ ಅದರ ಮುಂದುವರಿಕೆಯನ್ನೂ ಓದಿ. ಬಳಿಕ ಇಮಾಟಿನಿಬ್ ಮಾತ್ರೆಯ ಕಥೆ. ಒಂದು ಬಗೆಯ ರಕ್ತಕ್ಯಾನ್ಸರಿನಲ್ಲಿ ವಿಚಿತ್ರವಾದ ಪುಟ್ಟ ಕ್ರೋಮೋಸೋಮ್ ಕಂಡದ್ದು 1960ರಲ್ಲಿ. ಎರಡು ಕ್ರೋಮೋಸೋಮ್‌ಗಳ ತುಣುಕು ಅದಲುಬದಲಾಗಿ ಅದು ಹುಟ್ಟುತ್ತದೆ ಎಂದು ಜಾನೆಟ್ ರೌಲಿ ತೋರಿಸಿದ್ದು 1973ರಲ್ಲಿ. ಆ ಕ್ರೋಮೋಸೋಮಿನಿಂದ ಬರುವ ಪ್ರೋಟೀನನ್ನು ತಡೆಯುವ ಈ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ನಿಮ್ಮ ಪ್ರಯೋಗ ಮೂರು ತಿಂಗಳಿಂದ ಕೈಕೊಡುತ್ತಿದೆ ಎಂದು ಅಳು ಬಂದಾಗ ಈ ಇಸವಿಗಳನ್ನು ಎಣಿಸಿ.

6. ನಿಮ್ಮ ಕೋಶಗಳ ಜಾತಕ ನೋಡಿ. ಎಂಡಿಎ-ಎಂಬಿ-435 ಎಂಬ ಸೆಲ್ ಲೈನನ್ನು ಸ್ತನ ಕ್ಯಾನ್ಸರಿನದೆಂದು ನಂಬಿ ವರ್ಷಗಟ್ಟಲೆ ಪ್ರಯೋಗ ನಡೆದವು. ಅವು ಚರ್ಮದ ಕ್ಯಾನ್ಸರ್ ಮೆಲನೋಮಾದ ಕೋಶಗಳು ಎಂದು ಕೊನೆಗೆ ಗೊತ್ತಾಯಿತು. ಪಕ್ಕದ ಲ್ಯಾಬಿನಿಂದ ಫ್ಲಾಸ್ಕ್ ಕಡ ತಂದಿರಾ? ಮೊದಲು ಕೋಶಗಳ ಗುರುತು ಹಿಡಿಯುವ ಎಸ್‌ಟಿಆರ್ ಪರೀಕ್ಷೆ, ಮೈಕೋಪ್ಲಾಸ್ಮಾ ಸೋಂಕಿನ ಪರೀಕ್ಷೆ. ಗೈಡ್ ಖರ್ಚಿನ ಮಾತೆತ್ತಿದರೂ ಬಿಡಬೇಡಿ.

7. ದತ್ತಾಂಶ ವಿಶ್ಲೇಷಿಸಲು ಆರ್ ಅಥವಾ ಪೈಥಾನ್ ಕಲಿಯಿರಿ. ಟಿಸಿಜಿಎ ಯೋಜನೆ 33 ಬಗೆಯ ಕ್ಯಾನ್ಸರಿನ, ಹನ್ನೊಂದು ಸಾವಿರಕ್ಕೂ ಹೆಚ್ಚು ರೋಗಿಗಳ ದತ್ತಾಂಶ ಕಲೆಹಾಕಿದೆ, ಬಹುಪಾಲು ಉಚಿತ. ಚಿಕ್ಕ ಊರಿನ ಕಾಲೇಜಿನಲ್ಲಿ ಕೂತೂ ಇದನ್ನು ಕಲಿಯಬಹುದು, ಸಂದರ್ಶನದಲ್ಲಿ ತೋರಿಸಲೂಬಹುದು.

8. ಎಲ್ಲರೂ ಪ್ರೊಫೆಸರ್ ಆಗುವುದಿಲ್ಲ. ಹುದ್ದೆಗಳು ಕಡಿಮೆ, ಅದಕ್ಕೆ ಮುನ್ನ ಪೋಸ್ಟ್‌ಡಾಕ್ ಬೇರೆ. ಮೂರನೇ ವರ್ಷದಿಂದಲೇ ಹೊರಗೆ ಕಣ್ಣಿಡಿ. ಬೆಂಗಳೂರಿನಲ್ಲೇ ಔಷಧ ಸಂಶೋಧನೆಗೆ ಸಿಂಜೀನ್, ಆರಿಜೀನ್ ಇವೆ. ಜೀನ್ ಪರೀಕ್ಷೆಗೆ ಮೆಡ್‌ಜೀನೋಮ್, ಸ್ಟ್ರ್ಯಾಂಡ್. ಪೇಟೆಂಟ್, ಕ್ಲಿನಿಕಲ್ ಟ್ರಯಲ್, ವಿಜ್ಞಾನ ಬರವಣಿಗೆಯೂ ದಾರಿಗಳೇ.

9. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನ ಸಂಶೋಧನೆಯಿಂದ ಬಂದ ನೆಕ್ಸ್‌ಕಾರ್19 ಎಂಬ ಕ್ಯಾನ್ಸರ್ ಚಿಕಿತ್ಸೆಗೆ 2023ರಲ್ಲಿ ಅನುಮತಿ ಸಿಕ್ಕಿತು. ರೋಗಿಯದೇ ಟಿ-ಕೋಶಗಳನ್ನು ತೆಗೆದು, ಮಾರ್ಪಡಿಸಿ, ಬೆಳೆಸಿ, ಗುಣಮಟ್ಟ ನೋಡಿ ಮತ್ತೆ ದೇಹಕ್ಕೆ ಸೇರಿಸುವ ಕೆಲಸವಿದು. ಇಂಥ ಚಿಕಿತ್ಸೆ ತಯಾರಿಸುವ ಕಡೆ ಸಂದರ್ಶನಕ್ಕೆ ಹೋದರೆ ಥೀಸಿಸ್‌ನ ಉದ್ದನೆಯ ಶೀರ್ಷಿಕೆ ಒಪ್ಪಿಸಬೇಡಿ. ಯಾವ ಕೋಶಗಳನ್ನು ಬೆಳೆಸಿದ್ದೀರಿ, ಫ್ಲೋ ಸೈಟೋಮೀಟರನ್ನು ಸ್ವತಃ ನಡೆಸುತ್ತೀರಾ, ಅದನ್ನು ಮೊದಲು ಹೇಳಿ.