ಗಾಡಿಗೆ ಪಟ್ಟಿ ಹಾಕಿಸಿದರೆ ಹೆಚ್ಚು ಭಾರ ಹೊರಬಹುದೇ?

ಉಯ್ಯಂಬಳ್ಳಿ ಕನಕಪುರ ತಾಲ್ಲೂಕಿನ ಒಂದು ಹೋಬಳಿ. ಅರ್ಕಾವತಿ ನದಿ ಕಾವೇರಿಯನ್ನು ಸೇರುವ ಸಂಗಮದ ಕಡೆಯ ಸೀಮೆ ಇದು. ಇಲ್ಲಿ ನಾವು ರಾಗಿ ಬೆಳೆಯುತ್ತೇವೆ. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತೇವೆ. ತೆಂಗು, ಬಾಳೆ ಇದೆ. ಬೆಳೆದದ್ದು ಕನಕಪುರಕ್ಕೋ ರಾಮನಗರಕ್ಕೋ ಹೋಗಬೇಕು.

ಹಿಂದೆ ಎತ್ತಿನ ಗಾಡಿ ಇತ್ತು. ಆಮೇಲೆ ಬಾಡಿಗೆ ಟೆಂಪೊ ಬಂತು. 2005ರಲ್ಲಿ ಟಾಟಾ ಏಸ್ ಎಂಬ ಸಣ್ಣ ಗಾಡಿ ಬಂತು. ಅಲ್ಲಿಂದ ಮುಂದೆ ಇಂಥ ಸಣ್ಣ ಗಾಡಿಗಳು, ಪಿಕಪ್ ಗಾಡಿಗಳು ಹಳ್ಳಿ ಹಳ್ಳಿಗೂ ಬಂದವು. ಸಾಲ ಮಾಡಿ ಗಾಡಿ ತಂದ ಮನೆಗಳು ಬಹಳ ಇವೆ. ಕೆಲವು ಕಡೆ ಗಾಡಿ ಹೆಂಗಸರ ಹೆಸರಿನಲ್ಲೇ ಇದೆ. ಸಾಲದ ಕಾಗದಕ್ಕೆ ಸಹಿ ಹಾಕಿದವರೂ ಅವರೇ.

ಮನೆಯಲ್ಲಿ ಬರುವ ಮಾತು

ತಿಂಗಳ ಕಂತು ಕಟ್ಟಬೇಕು. ಬಾಡಿಗೆ ಸಾಲದು. ಆಗ ಮಗನೋ ಗಂಡನೋ ಹೇಳುತ್ತಾರೆ:

"ಅವ್ವಾ, ಹಿಂದ್ಗಡೆ ಎರಡು ಕಮಾನ್ ಪಟ್ಟಿ ಜಾಸ್ತಿ ಹಾಕ್ಸ್‌ಬುಡಾನ. ಸೈಡಿಗೆ ಎತ್ತರವಾಗಿ ಕಬ್ಬಿಣ ಕಟ್ಸಾನ. ದಪ್ಪ ಟೈರು ಹಾಕ್ಸಾನ. ಇನ್ನೂ ಹತ್ತು ಮೂಟೆ ಹಿಡೀತದೆ. ಎಲ್ರೂ ಹಂಗೇ ಮಾಡ್ತವ್ರೆ."

ಈ ಮಾತು ನಿಜವೇ? ಪಟ್ಟಿ ಹಾಕಿಸಿದರೆ ಗಾಡಿ ಹೊರಬಹುದಾದ ಭಾರ ಹೆಚ್ಚುತ್ತದೆಯೇ? ಇದನ್ನು ನಾವೇ ಓದಿ, ನಾವೇ ಲೆಕ್ಕ ಹಾಕಿ ತಿಳಿಯೋಣ.

ಆರ್.ಸಿ. ಓದೋಣ

ಪ್ರತಿ ಗಾಡಿಗೂ ಒಂದು ಆರ್.ಸಿ. ಇರುತ್ತದೆ. ಆರ್.ಸಿ. ಅಂದರೆ ಗಾಡಿಯ ನೋಂದಣಿ ಪತ್ರ. ನಮ್ಮ ಹೊಲಕ್ಕೆ ಪಹಣಿ ಇದ್ದಂತೆ ಗಾಡಿಗೆ ಆರ್.ಸಿ. ಅದರಲ್ಲಿ ಎರಡು ತೂಕಗಳನ್ನು ಬರೆದಿರುತ್ತಾರೆ.

ಒಂದು, ಖಾಲಿ ಗಾಡಿಯ ತೂಕ. ಚಾಲಕ ಇಲ್ಲ, ಸರಕು ಇಲ್ಲ. ಬರೀ ಗಾಡಿ.

ಎರಡು, ಒಟ್ಟು ತೂಕ. ಗಾಡಿ, ಚಾಲಕ, ಜೊತೆಯವರು, ಸರಕು ಎಲ್ಲ ಸೇರಿ ಇದಕ್ಕಿಂತ ಒಂದು ಕೆ.ಜಿ.ಯೂ ಹೆಚ್ಚು ಇರಬಾರದು.

ಆರ್.ಸಿ. ಕಾರ್ಡಿನಲ್ಲಿ ಇಂಗ್ಲಿಷ್ ಅಕ್ಷರ ಇರುತ್ತದೆ. ಹೆದರಬೇಡಿ. ಅಂಕಿ ನಮಗೆ ಗೊತ್ತು. ಎರಡು ತೂಕಗಳಲ್ಲಿ ಚಿಕ್ಕದು ಖಾಲಿ ತೂಕ. ದೊಡ್ಡದು ಒಟ್ಟು ತೂಕ. ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ ಗಾಡಿ ಹೊರಬಹುದಾದ ಭಾರ ಸಿಗುತ್ತದೆ.

ಈ ಒಟ್ಟು ತೂಕವನ್ನು ಗಾಡಿ ಮಾಡಿದ ಕಂಪನಿ ಗೊತ್ತುಮಾಡುತ್ತದೆ. ಬ್ರೇಕು, ಆಕ್ಸಲ್, ಟೈರು, ಚಾಸಿ, ಸ್ಟೇರಿಂಗ್, ಪಟ್ಟಿ ಎಲ್ಲವೂ ಎಷ್ಟು ತಡೆಯುತ್ತವೆ ಎಂದು ನೋಡಿ ಆ ಸಂಖ್ಯೆ ಕೊಡುತ್ತದೆ. ಗ್ಯಾರೇಜಿನವರು ಪಟ್ಟಿ ಸೇರಿಸಬಹುದು. ಆ ಸಂಖ್ಯೆಯನ್ನು ಹೆಚ್ಚಿಸಲು ಅವರಿಂದ ಆಗದು.

ಸಿಂಬೆ ದಪ್ಪವಾದರೆ ಕತ್ತು ಗಟ್ಟಿಯಾಗುವುದೇ?

ನಾವು ತಲೆಯ ಮೇಲೆ ಸಿಂಬೆ ಇಟ್ಟು ಕೊಡ ಹೊರುತ್ತೇವೆ. ಸಿಂಬೆ ದಪ್ಪ ಮಾಡಿದರೆ ತಲೆಗೆ ಒತ್ತುವುದಿಲ್ಲ, ಅಷ್ಟೆ. ಕತ್ತಿಗೂ ಕಾಲಿಗೂ ಬಲ ಬರುವುದಿಲ್ಲ. ಒಂದು ಕೊಡ ಹೊರುವವರು ದಪ್ಪ ಸಿಂಬೆ ನಂಬಿ ಮೂರು ಕೊಡ ಹೊತ್ತರೆ ಏನಾಗುತ್ತದೆ? ಇಳಿಜಾರಿನಲ್ಲಿ ಕಾಲು ಜಾರುತ್ತದೆ.

ಗಾಡಿಯ ಪಟ್ಟಿಯೂ ಹೀಗೆಯೇ. ಪಟ್ಟಿ ಹೆಚ್ಚು ಹಾಕಿದರೆ ಗಾಡಿಯ ಹಿಂಭಾಗ ತಗ್ಗುವುದಿಲ್ಲ. ನೋಡಲು ನೆಟ್ಟಗೆ ನಿಲ್ಲುತ್ತದೆ. ಆದರೆ ಬ್ರೇಕು ಹಳೆಯದೇ. ಆಕ್ಸಲ್ ಹಳೆಯದೇ. ಚಾಸಿ ಹಳೆಯದೇ. ಮೊದಲು ಹಿಂಭಾಗ ತಗ್ಗಿ "ಸಾಕು" ಅಂತ ನಮಗೆ ಹೇಳುತ್ತಿತ್ತು. ಈಗ ಆ ಸೂಚನೆಯೂ ಇಲ್ಲ.

ಭಾರ ಹೆಚ್ಚಾದರೆ ಏನೇನು ಆಗುತ್ತದೆ?

ಬ್ರೇಕು ಹಾಕಿದ ಮೇಲೂ ಗಾಡಿ ಬಹಳ ದೂರ ಹೋಗಿ ನಿಲ್ಲುತ್ತದೆ. ಇಳಿಜಾರಿನಲ್ಲಿ ಬ್ರೇಕು ಕಾದು ಹಿಡಿತ ಬಿಡುತ್ತದೆ. ಟೈರು ಕಾದು ಸಿಡಿಯಬಹುದು. ಭಾರವೆಲ್ಲ ಹಿಂದೆ ಬಿದ್ದರೆ ಮುಂದಿನ ಚಕ್ರ ಹಗುರವಾಗುತ್ತದೆ. ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಸೈಡಿಗೆ ಕಬ್ಬಿಣ ಕಟ್ಟಿ ಎತ್ತರಕ್ಕೆ ತುಂಬಿದರೆ ತಿರುವಿನಲ್ಲಿ ಗಾಡಿ ಮಗುಚುತ್ತದೆ.

ಲೆಕ್ಕ ಮಾಡೋಣ

ಒಂದು ಪಿಕಪ್ ಗಾಡಿಯ ಆರ್.ಸಿ.ಯಲ್ಲಿ ಹೀಗೆ ಇದೆ ಅಂದುಕೊಳ್ಳೋಣ.

ಒಟ್ಟು ತೂಕ: 2,950 ಕೆ.ಜಿ.
ಖಾಲಿ ತೂಕ: 1,650 ಕೆ.ಜಿ.
ಕಳೆದರೆ ಉಳಿದದ್ದು: 1,300 ಕೆ.ಜಿ.

ಚಾಲಕ ಮತ್ತು ಜೊತೆಯವರು, ಇಬ್ಬರ ತೂಕ 120 ಕೆ.ಜಿ. ಕಳೆಯಿರಿ. 1,180 ಕೆ.ಜಿ. ಉಳಿಯಿತು. 50 ಕೆ.ಜಿ.ಯ ರಾಗಿ ಮೂಟೆ ಆದರೆ 23 ಮೂಟೆ ಹಾಕಬಹುದು.

ಈಗ ಪಟ್ಟಿ, ಸೈಡಿನ ಕಬ್ಬಿಣ, ಮುಂದಿನ ಕಂಬಿ ಎಲ್ಲ ಹಾಕಿಸಿದೆವು. ಅದರ ತೂಕ 150 ಕೆ.ಜಿ. ಅಂದುಕೊಳ್ಳಿ. ಒಟ್ಟು ತೂಕದ ಮಿತಿ ಬದಲಾಗಲಿಲ್ಲ. ಗಾಡಿಯ ತೂಕ ಮಾತ್ರ ಹೆಚ್ಚಿತು. 1,180ರಲ್ಲಿ 150 ಕಳೆಯಿರಿ. 1,030 ಉಳಿಯಿತು. ಈಗ 20 ಮೂಟೆ ಮಾತ್ರ ಹಾಕಬಹುದು.

ನೋಡಿದಿರಾ? ಹತ್ತು ಮೂಟೆ ಹೆಚ್ಚು ಹಾಕಲು ದುಡ್ಡು ಖರ್ಚು ಮಾಡಿದೆವು. ಮೂರು ಮೂಟೆಯ ಜಾಗವನ್ನು ಕಬ್ಬಿಣವೇ ತಿಂದುಬಿಟ್ಟಿತು.

ತುಂಬುವುದು ಬೇರೆ, ಭಾರ ಬೇರೆ

ರೇಷ್ಮೆ ಗೂಡು ತುಂಬಿದರೆ ಗಾಡಿ ಬೇಗ ತುಂಬುತ್ತದೆ. ಆದರೆ ಭಾರ ಕಡಿಮೆ. ಮರಳು ಹಾಗಲ್ಲ. ಒಂದು ಘನ ಅಡಿ ಒಣ ಮರಳು ಸುಮಾರು 45 ಕೆ.ಜಿ. ತೂಗುತ್ತದೆ. ಗಾಡಿಯ ಹಾಸು 8 ಅಡಿ ಉದ್ದ, 5 ಅಡಿ ಅಗಲ ಇದ್ದರೆ, ಒಂದು ಅಡಿ ಎತ್ತರ ಮರಳು ಹಾಕಿದರೆ 40 ಘನ ಅಡಿ. ಅಂದರೆ 1,800 ಕೆ.ಜಿ. ನೋಡಲು ಗಾಡಿ ಅರ್ಧ ತುಂಬಿದಂತೆ ಕಾಣುತ್ತದೆ. ಭಾರ ಮಾತ್ರ ಮಿತಿ ಮೀರಿದೆ. ಒದ್ದೆ ಮರಳಾದರೆ ಇನ್ನೂ ಹೆಚ್ಚು.

ಕಣ್ಣಳತೆ ನಂಬಬಾರದು. ವೇ ಬ್ರಿಡ್ಜಿನಲ್ಲಿ ತೂಕ ಹಾಕಿಸಿ ಚೀಟಿ ಓದಬೇಕು.

ಕಾಯಿದೆ ಏನು ಹೇಳುತ್ತದೆ?

ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯಿದೆ ಇದೆ. ಅದರ 52ನೇ ಕಲಂ ಗಾಡಿ ಬದಲಾಯಿಸುವ ವಿಷಯ ಹೇಳುತ್ತದೆ. ಕಂಪನಿ ಕೊಟ್ಟ ವಿವರಕ್ಕೂ ಗಾಡಿಗೂ ತಾಳೆ ತಪ್ಪುವಂತೆ ಮಾಲೀಕರು ಗಾಡಿಯನ್ನು ಬದಲಾಯಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಮೊಕದ್ದಮೆಯಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು.

ಅದೇ 2019ರಲ್ಲಿ ಕಾಯಿದೆಯನ್ನು ತಿದ್ದಿ ದಂಡ ಹೆಚ್ಚಿಸಿದರು. ಕಾಯಿದೆಯಲ್ಲಿ ಹೀಗಿದೆ:

ಮಿತಿ ಮೀರಿ ಭಾರ ಹಾಕಿದರೆ 20,000 ರೂಪಾಯಿ ದಂಡ. ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿ. ಹೆಚ್ಚಿನ ಸರಕು ಇಳಿಸುವ ಖರ್ಚೂ ನಮ್ಮದೇ. ಇಳಿಸುವ ತನಕ ಗಾಡಿ ಬಿಡುವುದಿಲ್ಲ. ಓಡಿಸಿದವರಿಗೆ ಮಾತ್ರ ಅಲ್ಲ, ಓಡಿಸಲು ಬಿಟ್ಟವರಿಗೂ ಈ ದಂಡ ಬೀಳಬಹುದು.

ಕಾಯಿದೆ ಒಪ್ಪದ ರೀತಿ ಗಾಡಿ ಬದಲಾಯಿಸಿದರೆ ಮಾಲೀಕರಿಗೆ ಆರು ತಿಂಗಳವರೆಗೆ ಸಜೆ, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ.

ಮಾಲೀಕರು ಅಂದರೆ ಯಾರು? ಆರ್.ಸಿ.ಯಲ್ಲಿ ಹೆಸರು ಇರುವವರು. ಗ್ಯಾರೇಜಿಗೆ ಹೋದವನು ಮಗ. ಹೆಸರು ತಾಯಿಯದು. ಕೇಸು ತಾಯಿಯ ಮೇಲೆ ಬರುತ್ತದೆ. ಅದಕ್ಕೇ "ಗಾಡಿ ವಿಷಯ ಗಂಡಸರಿಗೆ ಬಿಡು" ಅನ್ನುವ ಮಾತು ನಡೆಯದು.

ಒಂದು ಮಾತು ನೆನಪಿಡಿ. ಮುರಿದ ಪಟ್ಟಿ ತೆಗೆದು ಅದೇ ಅಳತೆಯ ಪಟ್ಟಿ ಹಾಕಿಸುವುದು ರಿಪೇರಿ. ಅದಕ್ಕೆ ಅಡ್ಡಿಯಿಲ್ಲ.

ಹಲಗೆ ಹಾಕಿ ಜನ ಕೂರಿಸುವುದು

ಕೆಲವರು ಪಿಕಪ್ಪಿಗೆ ಹಲಗೆ ಹಾಕಿ ಸೀಟು ಮಾಡುತ್ತಾರೆ. ಕೂಲಿಗೆ, ಮದುವೆಗೆ, ಜಾತ್ರೆಗೆ ನಾವೂ ಹತ್ತಿ ಕೂರುತ್ತೇವೆ. ಮಕ್ಕಳನ್ನೂ ಕೂರಿಸಿಕೊಳ್ಳುತ್ತೇವೆ. ಅದು ಸರಕಿನ ಗಾಡಿ. ಹಲಗೆ ಹಾಕಿದ ಮಾತ್ರಕ್ಕೆ ಬಸ್ಸು ಆಗದು. ನಿಂತವರು ತೂಗಿದಂತೆ ಗಾಡಿಯೂ ತೂಗುತ್ತದೆ. ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಸರಕಿನ ಗಾಡಿಯಲ್ಲಿ ಪ್ರಯಾಣಿಕರಾಗಿ ಹೋದವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪು ಕೊಟ್ಟಿತು. ಆಗ ಹೊಣೆ ಗಾಡಿಯ ಮಾಲೀಕರ ತಲೆಗೆ ಬರುತ್ತದೆ. ಹೊಲ ಮಾರಿದರೂ ತೀರದ ಸಾಲ ಆಗಬಹುದು.

2025ರ ಜನವರಿ 22ರಂದು ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ ತಾಲ್ಲೂಕಿನಲ್ಲಿ ಹಣ್ಣು, ತರಕಾರಿ ತುಂಬಿದ ಲಾರಿ ಕಂದಕಕ್ಕೆ ಬಿತ್ತು. ಸಂತೆಗೆ ಹೊರಟಿದ್ದ ವ್ಯಾಪಾರಿಗಳು ಸರಕಿನ ಜೊತೆ ಅದರಲ್ಲಿ ಇದ್ದರು. ಕನಿಷ್ಠ 10 ಜನ ಸತ್ತರು. ಅವರೂ ನಮ್ಮ ಹಾಗೆ ದುಡಿದು ತಿನ್ನುವವರೇ.

ನಾವು ಏನು ಮಾಡೋಣ?

"ಎರಡು ಸಲ ಹೋದ್ರೆ ಡೀಸೆಲ್ ಖರ್ಚು ಆಗ್ತದಲ್ಲ?" ಅಂತ ಕೇಳಬಹುದು. ನಿಜ, ಆಗುತ್ತದೆ. ಅದನ್ನೂ ಲೆಕ್ಕ ಹಾಕೋಣ. ಒಂದು ಬಾಡಿಗೆಯಲ್ಲಿ ಕೈಗೆ ಉಳಿಯುವುದು 500 ರೂಪಾಯಿ ಅಂದುಕೊಳ್ಳಿ. ಒಂದು ಸಲ ಸಿಕ್ಕಿಬಿದ್ದು 20,000 ದಂಡ ಕಟ್ಟಿದರೆ 40 ಬಾಡಿಗೆಯ ದುಡ್ಡು ಹೋಯಿತು. ಪ್ರಾಣ ಹೋದರೆ ಅದಕ್ಕೆ ಲೆಕ್ಕವೇ ಇಲ್ಲ.

ಭಾರ ಹೆಚ್ಚು ಇದ್ದರೆ ಎರಡು ಸಲ ಹೋಗೋಣ. ದಿನವೂ ಹೆಚ್ಚು ಭಾರ ಇದ್ದರೆ ದೊಡ್ಡ ಗಾಡಿಯನ್ನು ಬಾಡಿಗೆಗೆ ಕರೆಯೋಣ. ಅಕ್ಕಪಕ್ಕದ ಮನೆಯವರು ಸೇರಿ ಕರೆದರೆ ಖರ್ಚು ಹಂಚಿಹೋಗುತ್ತದೆ.

ಗಾಡಿ ಕೊಳ್ಳುವಾಗಲೇ ಕೇಳೋಣ: ನಾವು ಸಾಗಿಸುವ ಸರಕು ಎಷ್ಟು ಕೆ.ಜಿ.? ಈ ಗಾಡಿ ಹೊರುವುದು ಎಷ್ಟು ಕೆ.ಜಿ.?

ಗಾಡಿಯಲ್ಲಿ ಏನಾದರೂ ಬದಲಾಯಿಸಬೇಕಾದರೆ ಮೊದಲು ರಾಮನಗರದ ಆರ್.ಟಿ.ಓ. ಕಚೇರಿಯಲ್ಲಿ ಕೇಳೋಣ. ಒಪ್ಪಿಗೆ ಸಿಕ್ಕ ಮೇಲೆ ಗ್ಯಾರೇಜಿಗೆ ಹೋಗೋಣ. ಬದಲಾವಣೆ ಆರ್.ಸಿ.ಯಲ್ಲಿ ದಾಖಲಾಗಿದೆಯೇ ಎಂದು ಓದಿ ನೋಡೋಣ.

ಆರ್.ಸಿ.ಯ ಎರಡು ತೂಕಗಳನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಗಾಡಿಯೊಳಗೆ ಅಂಟಿಸೋಣ. ಬರೆಯುವ ಕೈ ನಮ್ಮದೇ ಆಗಿರಲಿ.

ಯೋಚಿಸಿ, ಉತ್ತರ ಬರೆಯಿರಿ

1. ಆರ್.ಸಿ.ಯಲ್ಲಿ ಇರುವ ಎರಡು ತೂಕಗಳು ಯಾವುವು?

2. ಪಟ್ಟಿ ಹೆಚ್ಚು ಹಾಕಿದರೂ ಗಾಡಿಯಲ್ಲಿ ಬದಲಾಗದೆ ಉಳಿಯುವ ಭಾಗಗಳು ಯಾವುವು?

3. ಒಂದು ಸಣ್ಣ ಗಾಡಿಯ ಒಟ್ಟು ತೂಕ 1,600 ಕೆ.ಜಿ. ಖಾಲಿ ತೂಕ 850 ಕೆ.ಜಿ. ಇಬ್ಬರು ಜನರ ತೂಕ 120 ಕೆ.ಜಿ. ಹೊಸದಾಗಿ ಹಾಕಿಸಿದ ಕಬ್ಬಿಣ 80 ಕೆ.ಜಿ. ಹಾಗಾದರೆ 50 ಕೆ.ಜಿ.ಯ ಎಷ್ಟು ಮೂಟೆ ಹಾಕಬಹುದು? (ಉತ್ತರ: 11 ಮೂಟೆ)

4. ನಿಮ್ಮ ಮನೆಯ ಅಥವಾ ನಿಮ್ಮ ಬೀದಿಯ ಗಾಡಿಯ ಆರ್.ಸಿ. ಕೇಳಿ ಓದಿ. ಅದು ಎಷ್ಟು ಭಾರ ಹೊರಬಹುದು? ಬರೆಯಿರಿ.